‘ಹುಡುಗಿಯರೂ ಇಷ್ಟವಾಗುವುದಾದರೆ ಮದುವೆಗೇನು ತೊಂದರೆ?’

ತಾನು ಗೇ, ಅಂದರೆ ಗಂಡಸರತ್ತಲೇ ಒಲವುಳ್ಳವನು ಎಂದು ಮಗ ಬಾಯಿಬಿಟ್ಟಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎದುರಾಗುವುದು ಅಳು, ಸಿಟ್ಟು ಅಥವಾ ವಾರಗಟ್ಟಲೆಯ ಮೌನ. ತಾನು ಬೈಸೆಕ್ಷುಯಲ್, ಅಂದರೆ ಗಂಡು ಹೆಣ್ಣು ಇಬ್ಬರತ್ತಲೂ ಒಲವುಳ್ಳವನು ಎಂದು ಹೇಳಿದಾಗ ಎಷ್ಟೋ ಸಲ ಇದರ ಜೊತೆಗೆ ಇನ್ನೊಂದು ನಡೆಯುತ್ತದೆ: ಚೌಕಾಸಿ. “ಹುಡುಗಿಯರೂ ಇಷ್ಟವಾಗ್ತಾರೆ ಅಂತ ನೀನೇ ಹೇಳಿದೆಯಲ್ಲಪ್ಪಾ, ಮತ್ತೇನು ತೊಂದರೆ? ಆ ಇನ್ನೊಂದನ್ನ ಮರೆತುಬಿಡು, ಒಳ್ಳೆ ಸಂಬಂಧ ನೋಡೋಣ” ಎನ್ನುವ ತಾಯಿಯ ದನಿಯಲ್ಲಿ ಕೋಪವಿರುವುದಿಲ್ಲ, ಗಂಡಾಂತರ ತಪ್ಪಿತೆಂಬ ನಿರಾಳತೆ ಇರುತ್ತದೆ. ದ್ವಿಲಿಂಗಾಸಕ್ತಿಯ ಬಗ್ಗೆ ಚಾಲ್ತಿಯಲ್ಲಿರುವ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಈ ಒಂದು ಮಾತಿನೊಳಗೇ ಸಿಗುತ್ತವೆ. ಒಲವು ನಮ್ಮ ಆಯ್ಕೆ, ಬೇಡವಾದ ಪಾಲನ್ನು ಕತ್ತರಿಸಿ ಹಾಕಬಹುದು, ಮದುವೆಯಾದ ಮೇಲೆ ಉಳಿದದ್ದು ತಾನಾಗಿ ಅಳಿಸಿಹೋಗುತ್ತದೆ ಎಂಬ ನಂಬಿಕೆಗಳ ಮೇಲೆ ಆ ಮಾತು ನಿಂತಿದೆ.

ದ್ವಿಲಿಂಗಾಸಕ್ತಿ (ಬೈಸೆಕ್ಷುಯಾಲಿಟಿ) ಎಂದರೆ ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಪ್ರೇಮದ ಅಥವಾ ಲೈಂಗಿಕ ಸೆಳೆತ ಮೂಡುವ ಸಾಧ್ಯತೆ. ಅಮೆರಿಕದ ಹೋರಾಟಗಾರ್ತಿ ರಾಬಿನ್ ಓಕ್ಸ್ ಕೊಟ್ಟಿರುವ ವಿವರಣೆಯನ್ನು ಈ ವಲಯದಲ್ಲಿ ಬಹಳ ಮಂದಿ ಒಪ್ಪಿ ಬಳಸುತ್ತಾರೆ. ಆ ಸೆಳೆತ ಏಕಕಾಲಕ್ಕೆ ಇರಬೇಕೆಂದಿಲ್ಲ, ಒಂದೇ ಬಗೆಯದಾಗಿರಬೇಕೆಂದಿಲ್ಲ, ಒಂದೇ ಪ್ರಮಾಣದಲ್ಲಿ ಇರಬೇಕೆಂದೂ ಇಲ್ಲ ಎಂಬುದು ಅದರ ತಿರುಳು. ಇದಕ್ಕೂ ದೇಹರಚನೆಗೂ ಸಂಬಂಧವಿಲ್ಲ. ತಾನು ಗಂಡೋ ಹೆಣ್ಣೋ ಎಂಬ ಪ್ರಶ್ನೆಗೂ ಸಂಬಂಧವಿಲ್ಲ. ಟ್ರಾನ್ಸ್ ಮಹಿಳೆಯೊಬ್ಬರು (ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟ ಹೆಣ್ಣು) ಬೈಸೆಕ್ಷುಯಲ್ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ತಾನು ಯಾರು ಎಂಬುದು ಒಂದು ವಿಷಯ, ತನಗೆ ಯಾರು ಇಷ್ಟವಾಗುತ್ತಾರೆ ಎಂಬುದು ಇನ್ನೊಂದು.

ಇಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ: ಸೆಳೆತ, ನಡವಳಿಕೆ ಮತ್ತು ಗುರುತು. ಯಾರತ್ತ ಮನಸ್ಸು ಹರಿಯುತ್ತದೆ ಎಂಬುದು ಸೆಳೆತ. ಯಾರೊಂದಿಗೆ ಸಂಬಂಧ ಇಟ್ಟುಕೊಂಡಿದ್ದೇವೆ ಎಂಬುದು ನಡವಳಿಕೆ. ನಮ್ಮನ್ನು ನಾವು ಏನೆಂದು ಕರೆದುಕೊಳ್ಳುತ್ತೇವೆ ಎಂಬುದು ಗುರುತು. ಮೂರೂ ಒಂದೇ ಗೆರೆಯಲ್ಲಿ ಬರಬೇಕೆಂಬ ನಿಯಮವೇನೂ ಇಲ್ಲ. ಎಚ್‌ಐವಿ ತಡೆ ಕಾರ್ಯಕ್ರಮಗಳಲ್ಲಿ ‘ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿರುವ ಗಂಡಸರು’ ಎಂಬ ವರ್ಗವೊಂದಿದೆ. ಅದು ನಡವಳಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ವರ್ಗಕ್ಕೆ ಸೇರುವ ಮನುಷ್ಯ ತನ್ನನ್ನು ಗೇ ಎನ್ನಬಹುದು, ‘ಬೈ’ (ಬೈಸೆಕ್ಷುಯಲ್) ಎನ್ನಬಹುದು, ಊರಲ್ಲಿ ಹೆಂಡತಿ ಮಕ್ಕಳಿರುವ ಸಾಮಾನ್ಯ ಗೃಹಸ್ಥ ಎಂದಷ್ಟೇ ಹೇಳಿಕೊಳ್ಳಲೂಬಹುದು. ಇದಕ್ಕೆ ತದ್ವಿರುದ್ಧವಾಗಿ, ಜೀವನಪೂರ್ತಿ ಒಬ್ಬಳೇ ಹೆಂಡತಿಯೊಂದಿಗೆ ಬಾಳಿದ, ಬೇರೆ ಯಾರನ್ನೂ ಮುಟ್ಟಿರದ ವ್ಯಕ್ತಿಯೊಬ್ಬ ತಾನು ಬೈಸೆಕ್ಷುಯಲ್ ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಮನೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಆಡುವ ಮಂಗಳೂರಿನವರನ್ನು ಕನ್ನಡ ಮಾತಾಡುತ್ತಿರುವ ಹೊತ್ತಿನಲ್ಲಿ ಕಂಡು, ಇವರಿಗೆ ತುಳು ಬಾರದು ಎಂದು ಯಾರೂ ತೀರ್ಮಾನಿಸುವುದಿಲ್ಲವಲ್ಲ.

ಒಲವಿನಲ್ಲಿ ನಡುವಿನ ನೆಲೆಗಳಿವೆ ಎಂದು ಅಂಕಿಯಲ್ಲಿ ತೋರಿಸಲು ಹೊರಟವರಲ್ಲಿ ಹೆಚ್ಚು ಪ್ರಸಿದ್ಧರಾದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಆಲ್ಫ್ರೆಡ್ ಕಿನ್ಸಿ. ಮೂಲತಃ ಅವರು ಪ್ರಾಣಿಶಾಸ್ತ್ರಜ್ಞರು. ಒಂದು ಜಾತಿಯ ಪುಟ್ಟ ಕಣಜಗಳನ್ನು ಅಪಾರ ಸಂಖ್ಯೆಯಲ್ಲಿ ಸಂಗ್ರಹಿಸಿ, ಒಂದರಂತೆ ಇನ್ನೊಂದಿಲ್ಲ ಎಂಬುದನ್ನು ಕಣ್ಣಾರೆ ಕಂಡವರು. ಆ ಕಣ್ಣಿನಿಂದಲೇ ಮನುಷ್ಯರನ್ನೂ ನೋಡಿದ ಅವರು 1948ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಜಗತ್ತನ್ನು ಕುರಿ ಮತ್ತು ಮೇಕೆಗಳೆಂದು ಎರಡು ಹಿಂಡುಗಳಾಗಿ ವಿಂಗಡಿಸಲಾಗದು ಎಂದು ಬರೆದರು. ಅವರ ಅಳತೆಪಟ್ಟಿ 0ಯಿಂದ 6ರವರೆಗೆ ಸಾಗುತ್ತದೆ: 0 ಎಂದರೆ ಭಿನ್ನಲಿಂಗದತ್ತ ಮಾತ್ರ ಒಲವು, 6 ಎಂದರೆ ಸ್ವಲಿಂಗದತ್ತ ಮಾತ್ರ, 3 ಎಂದರೆ ಎರಡೂ ಸರಿಸಮ. ಕಿನ್ಸಿ ತಮ್ಮ ಮಾಹಿತಿದಾರರನ್ನು ಆರಿಸಿಕೊಂಡ ರೀತಿಯ ಬಗ್ಗೆ ಸಂಖ್ಯಾಶಾಸ್ತ್ರಜ್ಞರು ಎತ್ತಿದ ಆಕ್ಷೇಪಗಳು ನ್ಯಾಯವಾದವೇ. ಹಾಗಾಗಿ ಅವರ ಶೇಕಡಾವಾರು ಲೆಕ್ಕಗಳನ್ನು ಇಂದು ಹಾಗೆಯೇ ಉಲ್ಲೇಖಿಸುವುದು ಸರಿಯಲ್ಲ. ಆದರೂ ನಡುವೆ ಹಲವು ನೆಲೆಗಳಿವೆ ಎಂಬ ಅವರ ಮೂಲ ಕಾಣ್ಕೆಯನ್ನು ಮುಂದಿನ ಸಂಶೋಧನೆ ಕೈಬಿಡಲಿಲ್ಲ.

ಕಿನ್ಸಿಯ ಒಂದೇ ಅಂಕಿಯಲ್ಲಿ ಮನುಷ್ಯನನ್ನು ಹಿಡಿಯಲಾಗದು ಎಂದು ಮನೋವೈದ್ಯ ಫ್ರಿಟ್ಜ್ ಕ್ಲೈನ್ 1978ರಲ್ಲಿ ಒಂದು ಕೋಷ್ಟಕವನ್ನು ಮುಂದಿಟ್ಟರು. ಅದರಲ್ಲಿ ಏಳು ಸಾಲುಗಳಿವೆ: ಲೈಂಗಿಕ ಸೆಳೆತ, ಲೈಂಗಿಕ ನಡವಳಿಕೆ, ಕಲ್ಪನೆಗಳು, ಭಾವನಾತ್ಮಕ ಒಲವು, ಯಾರ ಒಡನಾಟ ಹಿತವೆನಿಸುತ್ತದೆ ಎಂಬುದು, ಯಾವ ಬಗೆಯ ಸಮುದಾಯದ ನಡುವೆ ಬದುಕುತ್ತಿದ್ದೇವೆ ಎಂಬುದು, ಕೊನೆಗೆ ನಮ್ಮನ್ನು ನಾವು ಏನೆಂದು ಕರೆದುಕೊಳ್ಳುತ್ತೇವೆ ಎಂಬುದು. ಪ್ರತಿ ಸಾಲಿಗೂ ಹಿಂದೆ, ಈಗ ಮತ್ತು ಆದರ್ಶ ಸ್ಥಿತಿ ಎಂಬ ಮೂರು ಮನೆಗಳು. ಒಟ್ಟು 21 ಮನೆಗಳಲ್ಲಿ 1ರಿಂದ 7ರವರೆಗಿನ ಅಂಕಿಗಳನ್ನು ತುಂಬಬೇಕು. 1 ಎಂದರೆ ಭಿನ್ನಲಿಂಗ ಮಾತ್ರ, 4 ಎಂದರೆ ಎರಡೂ ಸಮ, 7 ಎಂದರೆ ಸ್ವಲಿಂಗ ಮಾತ್ರ.

ಇದನ್ನು ಒಬ್ಬ ಕಾಲ್ಪನಿಕ ವ್ಯಕ್ತಿಗೆ ಹಚ್ಚಿ ನೋಡೋಣ. ಶಿವಮೊಗ್ಗದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ಮದುವೆಯಾಗಿ ಕೆಲವು ವರ್ಷಗಳಾಗಿರುವ, ಗಂಡನನ್ನು ನಿಜವಾಗಿಯೂ ಪ್ರೀತಿಸುವ ಮಹಿಳೆಯೊಬ್ಬರು ಪೆನ್ಸಿಲ್ ಹಿಡಿದು ಕುಳಿತಿದ್ದಾರೆ ಎಂದುಕೊಳ್ಳಿ. ಹಾಸ್ಟೆಲ್ ದಿನಗಳಲ್ಲಿ ಕೋಣೆಯ ಗೆಳತಿಯ ಮೇಲೆ ಉಂಟಾಗಿದ್ದ, ಹೆಸರಿಡಲಾಗದೆ ಉಳಿದ ತೀವ್ರ ಪ್ರೀತಿ ನೆನಪಾಗಿ ಸೆಳೆತದ ‘ಹಿಂದೆ’ ಮನೆಯಲ್ಲಿ 5 ಬರೆಯುತ್ತಾರೆ, ‘ಈಗ’ ಮನೆಯಲ್ಲಿ 4. ನಡವಳಿಕೆಯ ಸಾಲಿನಲ್ಲಿ ಹಿಂದೆಯೂ 1, ಈಗಲೂ 1, ಏಕೆಂದರೆ ಗಂಡನ ಹೊರತು ಯಾರೊಂದಿಗೂ ಅವರಿಗೆ ಸಂಬಂಧವಿರಲಿಲ್ಲ. ಭಾವನಾತ್ಮಕ ಒಲವಿಗೆ 5 ಎಂದು ಬರೆದು ಒಮ್ಮೆ ಅಳಿಸಿ ಮತ್ತೆ 5 ಎಂದೇ ಬರೆಯುತ್ತಾರೆ. ಬದುಕುವ ಸಮುದಾಯದ ಸಾಲಿಗೆ ಅನುಮಾನವಿಲ್ಲದೆ 1. ಮದುವೆ, ಸೀಮಂತ, ಗೃಹಪ್ರವೇಶಗಳ ಆ ಲೋಕದಲ್ಲಿ ಬೇರೆ ಅಂಕಿಗೆ ಎಡೆಯಿಲ್ಲ. ಕೊನೆಯ ಸಾಲಿನಲ್ಲಿ ‘ಹಿಂದೆ’ 1, ‘ಈಗ’ 4. ನೆರೆಹೊರೆಯವರಿಗೆ ಕಾಣುವುದು ನಡವಳಿಕೆಯ ಮತ್ತು ಸಮುದಾಯದ ಎರಡು ಸಾಲುಗಳು ಮಾತ್ರ. ಉಳಿದ ಐದು ಸಾಲುಗಳು ಆಕೆಗೆ ಮಾತ್ರ ಗೊತ್ತು. ಹೀಗಿರುವಾಗ ‘ಮದುವೆಯಾಗಿದ್ದಾಳೆ, ಅಂದಮೇಲೆ ಬೈ ಹೇಗಾಗುತ್ತಾಳೆ’ ಎಂಬ ಪ್ರಶ್ನೆ ಎರಡು ಸಾಲು ಓದಿ ಇಡೀ ಕೋಷ್ಟಕಕ್ಕೆ ತೀರ್ಪು ಕೊಟ್ಟಂತಾಗುತ್ತದೆ.

ಈಗ ಚಾಲ್ತಿಯ ಆರೋಪಗಳಿಗೆ ಬರೋಣ. ಮೊದಲನೆಯದು, ಇದೊಂದು ಹಂತ ಅಷ್ಟೇ, ಇವತ್ತಲ್ಲ ನಾಳೆ ಒಂದು ಕಡೆಗೆ ವಾಲುತ್ತಾರೆ ಎಂಬುದು. ಇದನ್ನು ನೇರವಾಗಿ ಪರೀಕ್ಷಿಸಿದವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲೀಸಾ ಡೈಮಂಡ್. ಲೆಸ್ಬಿಯನ್ (ಹೆಂಗಸರತ್ತಲೇ ಒಲವುಳ್ಳ ಹೆಂಗಸು), ಬೈಸೆಕ್ಷುಯಲ್ ಅಥವಾ ಯಾವ ಹೆಸರೂ ಬೇಡ ಎನ್ನುವ 79 ಯುವತಿಯರನ್ನು ಹತ್ತು ವರ್ಷಗಳ ಕಾಲ ಮತ್ತೆಮತ್ತೆ ಸಂದರ್ಶಿಸಿ 2008ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ ಮೂರರಲ್ಲಿ ಎರಡು ಪಾಲು ಮಹಿಳೆಯರು ತಮ್ಮ ಗುರುತಿನ ಹೆಸರನ್ನು ಬದಲಿಸಿಕೊಂಡಿದ್ದರು ಎಂಬುದನ್ನು ಮಾತ್ರ ಕೇಳಿದರೆ ‘ನೋಡಿ, ಹಂತವೇ ಹೌದಲ್ಲ’ ಎನಿಸಬಹುದು. ಆದರೆ ಬದಲಾವಣೆಯ ದಿಕ್ಕು ನಿರೀಕ್ಷೆಗೆ ವಿರುದ್ಧವಾಗಿತ್ತು: ಬೈಸೆಕ್ಷುಯಲ್ ಅಥವಾ ‘ಹೆಸರು ಬೇಡ’ ಎಂಬ ಗುರುತನ್ನು ಬಿಟ್ಟುಕೊಟ್ಟವರಿಗಿಂತ ಹೊಸದಾಗಿ ಅದಕ್ಕೆ ಬಂದು ಸೇರಿದವರೇ ಹೆಚ್ಚು. ಮಹಿಳೆಯರು ಹೇಳಿಕೊಂಡ ಹೆಸರುಗಳು ಸಂಗಾತಿಗೆ ತಕ್ಕಂತೆ, ಸನ್ನಿವೇಶಕ್ಕೆ ತಕ್ಕಂತೆ ಬದಲಾದರೂ ಎರಡೂ ಕಡೆಯ ಸೆಳೆತ ಮಾಸಿಹೋಗಲಿಲ್ಲ. ಹದಿಹರೆಯದಲ್ಲಿ ಕೆಲಕಾಲ ಬೈ ಎಂದು ಹೇಳಿಕೊಂಡು ನಂತರ ಲೆಸ್ಬಿಯನ್ ಅಥವಾ ಗೇ ಎಂದು ಕಂಡುಕೊಂಡವರು ಇದ್ದಾರೆ, ನಿಜ. ಅವರ ದಾರಿ ಅವರದು. ಅದನ್ನು ಉಳಿದ ಎಲ್ಲರ ಮೇಲೆ ಹೇರಲು ಆಧಾರವಿಲ್ಲ.

ಗಂಡಸರ ವಿಷಯದಲ್ಲಿ ಅನುಮಾನ ಇನ್ನೂ ಕಟುವಾಗಿತ್ತು. 2005ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೈಕೆಲ್ ಬೇಲಿ ಮತ್ತವರ ಸಹೋದ್ಯೋಗಿಗಳು, ಬೈಸೆಕ್ಷುಯಲ್ ಎಂದು ಹೇಳಿಕೊಂಡ ಗಂಡಸರಿಗೆ ಪ್ರಯೋಗಾಲಯದಲ್ಲಿ ಕಾಮಪ್ರಚೋದಕ ದೃಶ್ಯಗಳನ್ನು ತೋರಿಸಿ, ಅವರ ದೇಹದ ಪ್ರತಿಕ್ರಿಯೆಯನ್ನು ಉಪಕರಣದಿಂದ ಅಳೆದರು. ಬಹುತೇಕರ ದೇಹ ಒಂದೇ ಲಿಂಗದತ್ತ, ಹೆಚ್ಚಾಗಿ ಗಂಡಸರತ್ತ, ಪ್ರಬಲವಾಗಿ ಸ್ಪಂದಿಸಿತು ಎಂಬುದು ಅವರ ತೀರ್ಮಾನ. ನ್ಯೂಯಾರ್ಕ್ ಟೈಮ್ಸ್ ಆ ಸುದ್ದಿಗೆ, ಮನುಷ್ಯ ಭಿನ್ನಲಿಂಗಿಯೋ (ಭಿನ್ನಲಿಂಗದತ್ತ ಮಾತ್ರ ಒಲವುಳ್ಳವನೋ) ಗೇಯೋ ಅಥವಾ ಸುಳ್ಳನೋ ಎಂದು ಕೇಳುವ ಶೀರ್ಷಿಕೆ ಕೊಟ್ಟಿತು. ಅದೇ ವಿಶ್ವವಿದ್ಯಾಲಯದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಮರು ಅಧ್ಯಯನ ಬೇರೆಯೇ ಫಲಿತಾಂಶ ಕೊಟ್ಟಿತು. ಈ ಬಾರಿ ಪಾಲ್ಗೊಳ್ಳುವವರನ್ನು ಆರಿಸುವಾಗ, ಗಂಡು ಹೆಣ್ಣು ಇಬ್ಬರೊಂದಿಗೂ ಲೈಂಗಿಕ ಸಂಪರ್ಕವಷ್ಟೇ ಅಲ್ಲದೆ ಕೆಲವು ತಿಂಗಳಾದರೂ ಬಾಳಿದ ಪ್ರೇಮಸಂಬಂಧ ಇದ್ದವರನ್ನೇ ತೆಗೆದುಕೊಳ್ಳಲಾಗಿತ್ತು. ಅವರ ದೇಹ ಎರಡೂ ಕಡೆಗೆ ಸ್ಪಂದಿಸಿತು. 2020ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾದ ಎಂಟು ಅಧ್ಯಯನಗಳ ಮಾಹಿತಿಯನ್ನು, ಸುಮಾರು 500 ಗಂಡಸರ ದಾಖಲೆಗಳನ್ನು, ಒಟ್ಟುಗೂಡಿಸಿ ಪ್ರಕಟಿಸಿದ ಲೇಖನ ಗಂಡಸರಲ್ಲಿ ದ್ವಿಲಿಂಗಾಸಕ್ತಿ ಇರುವುದಕ್ಕೆ ದೃಢ ಪುರಾವೆಯಿದೆ ಎಂದು ಹೇಳಿತು. ಅದರ ಲೇಖಕರ ಪಟ್ಟಿಯಲ್ಲಿ ಬೇಲಿಯವರ ಹೆಸರೂ ಇತ್ತು. ವಿಜ್ಞಾನ ತನ್ನನ್ನು ತಾನು ತಿದ್ದಿಕೊಂಡ ಒಳ್ಳೆಯ ಉದಾಹರಣೆ ಇದು, ಒಪ್ಪೋಣ. ಆದರೆ ತನಗೆ ಹೆಂಗಸರು ಇಷ್ಟ ಎನ್ನುವ ಗಂಡಸನ್ನು ನಂಬಲು ಯಾರಿಗೂ ಉಪಕರಣ ಬೇಕಾಗಲಿಲ್ಲ, ಬೈ ಎಂದವನ ಮಾತಿಗೆ ಮಾತ್ರ ಹದಿನೈದು ವರ್ಷಗಳ ಪ್ರಯೋಗಾಲಯದ ಸಾಕ್ಷಿ ಬೇಕಾಯಿತು ಎಂಬುದು ನನ್ನ ಮಟ್ಟಿಗೆ ಆ ಫಲಿತಾಂಶಗಳಷ್ಟೇ ಮುಖ್ಯವಾದ ಸಂಗತಿ.

ಎರಡನೆಯ ಆರೋಪ ನಿಷ್ಠೆಯದು: ಇವರಿಗೆ ಒಬ್ಬರು ಸಾಲದು, ಯಾವತ್ತಾದರೂ ಮೋಸ ಮಾಡಿಯೇ ಮಾಡುತ್ತಾರೆ. ಹೆಂಗಸರಲ್ಲಿ ಆಸಕ್ತಿಯಿರುವ ಗಂಡ ಊರಿನ ಎಲ್ಲ ಹೆಂಗಸರ ಹಿಂದೆ ಹೋಗುತ್ತಾನೆಂದು ಯಾವ ಹೆಂಡತಿಯೂ ಲೆಕ್ಕ ಹಾಕುವುದಿಲ್ಲ. ಸೆಳೆತ ಮೂಡಬಹುದಾದವರ ವಲಯ ದೊಡ್ಡದಾದ ಮಾತ್ರಕ್ಕೆ ಮಾತಿಗೆ ತಪ್ಪುವ ಗುಣ ಹೆಚ್ಚಾಗುವುದಿಲ್ಲ. ಡೈಮಂಡ್ ಅವರ ಅಧ್ಯಯನದ ಕೊನೆಯ ಹೊತ್ತಿಗೆ ಬೈಸೆಕ್ಷುಯಲ್ ಎಂದು ಹೇಳಿಕೊಂಡ ಮಹಿಳೆಯರಲ್ಲಿ ಶೇ 89ರಷ್ಟು ಮಂದಿ ಒಂದು ವರ್ಷಕ್ಕೂ ಮೀರಿದ ಏಕಸಂಗಾತಿ ಸಂಬಂಧದಲ್ಲಿದ್ದರು. ಚಿಕ್ಕ ಗುಂಪಿನ ಅಧ್ಯಯನವಾದ್ದರಿಂದ ಇದನ್ನು ಜಗತ್ತಿಗೆಲ್ಲ ಅನ್ವಯಿಸಲಾಗದು. ಚಂಚಲತೆ ಇವರ ಹುಟ್ಟುಗುಣ ಎಂಬ ವಾದಕ್ಕೆ ಮಾತ್ರ ಇದು ಸಾಕಷ್ಟು ಉತ್ತರ. ಈ ಅನುಮಾನ ಮಾತಿನಲ್ಲೇ ನಿಲ್ಲುವುದೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ 2010ರ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ಅತ್ಯಾಚಾರ, ದೈಹಿಕ ಹಿಂಸೆ ಅಥವಾ ಬೆನ್ನಟ್ಟುವ ಕಿರುಕುಳ ಅನುಭವಿಸಿದವರ ಪ್ರಮಾಣ ಬೈಸೆಕ್ಷುಯಲ್ ಮಹಿಳೆಯರಲ್ಲಿ ಶೇ 61, ಲೆಸ್ಬಿಯನ್ ಮಹಿಳೆಯರಲ್ಲಿ ಶೇ 44, ಭಿನ್ನಲಿಂಗಿ ಮಹಿಳೆಯರಲ್ಲಿ ಶೇ 35 ಇತ್ತು. ಆ ಅಂಕಿಗಳು ಕಾರಣವನ್ನು ಹೇಳುವುದಿಲ್ಲ. ಆದರೆ ‘ನೀನು ಯಾರ ಜೊತೆ ಬೇಕಾದರೂ ಹೋಗುವವಳು’ ಎಂಬ ಮಾತು ಹೊಡೆತಕ್ಕೆ ಎಷ್ಟು ಸುಲಭದ ನೆಪವಾಗಬಲ್ಲದು ಎಂದು ಊಹಿಸುವುದು ಕಷ್ಟವಲ್ಲ.

ಇಷ್ಟು ಮಂದಿ ಇದ್ದೂ ಕಣ್ಣಿಗೆ ಬೀಳದಿರುವುದಕ್ಕೂ ಕಾರಣವಿದೆ. ಗ್ಯಾಲಪ್ ಸಂಸ್ಥೆಯ ಇತ್ತೀಚಿನ ವರ್ಷಗಳ ಸಮೀಕ್ಷೆಗಳ ಪ್ರಕಾರ ಅಮೆರಿಕದ ಲೈಂಗಿಕ ಅಲ್ಪಸಂಖ್ಯಾತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬೈಸೆಕ್ಷುಯಲ್‌ಗಳು. ಅದೇ ದೇಶದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ತಮ್ಮ ಬದುಕಿನ ಮುಖ್ಯ ವ್ಯಕ್ತಿಗಳಲ್ಲಿ ಎಲ್ಲರಿಗೂ ಅಥವಾ ಬಹುತೇಕರಿಗೆ ವಿಷಯ ಗೊತ್ತಿದೆ ಎಂದ ಬೈಸೆಕ್ಷುಯಲ್‌ಗಳು ಶೇ 19 ಮಾತ್ರ. ಗೇ ಮತ್ತು ಲೆಸ್ಬಿಯನ್‌ಗಳಲ್ಲಿ ಆ ಪ್ರಮಾಣ ಶೇ 75. ನೋಡುವವರು ಸಂಗಾತಿಯನ್ನು ಕಂಡು ಗುರುತನ್ನು ನಿರ್ಧರಿಸುತ್ತಾರೆ: ಪಕ್ಕದಲ್ಲಿ ಹೆಂಡತಿಯಿದ್ದರೆ ಭಿನ್ನಲಿಂಗಿ, ಗೆಳೆಯನಿದ್ದರೆ ಗೇ. ಕಾನೂನು ವಿದ್ವಾಂಸ ಕೆಂಜಿ ಯೋಶಿನೊ 2000ದಲ್ಲಿ ಬರೆದ ಪ್ರಬಂಧವೊಂದರಲ್ಲಿ ಇನ್ನೂ ಮುಂದೆ ಹೋಗಿ, ಈ ಅಳಿಸುವಿಕೆಯಲ್ಲಿ ಭಿನ್ನಲಿಂಗಿಗಳಿಗೂ ಸಲಿಂಗಿಗಳಿಗೂ ಸಮಾನ ಹಿತಾಸಕ್ತಿಯಿದೆ ಎಂದು ವಾದಿಸಿದರು. ಗೆರೆ ಸ್ಪಷ್ಟವಾಗಿದ್ದರೆ ಎರಡೂ ಬಣಗಳಿಗೆ ತಮ್ಮ ಗುರುತು ಭದ್ರ. ನಡುವೆ ನಿಂತವರು ಆ ಗೆರೆಯನ್ನೇ ಅಲುಗಾಡಿಸುತ್ತಾರೆ. ಸಲಿಂಗಿಗಳ ಅನುಮಾನಕ್ಕೆ ನೋವಿನ ಹಿನ್ನೆಲೆಯೂ ಇದೆ ಎಂಬುದನ್ನು ಇಲ್ಲಿ ಮರೆಯಬಾರದು. ನಮ್ಮಲ್ಲಿ ಗೆಳೆಯನ ಜೊತೆ ವರ್ಷಗಟ್ಟಲೆ ಇದ್ದು, ಮನೆಯವರು ತೋರಿಸಿದ ಹುಡುಗಿಗೆ ತಾಳಿ ಕಟ್ಟಿ ನಡೆದುಬಿಟ್ಟವರ ಕಥೆಗಳು ಕಡಿಮೆಯೇನಿಲ್ಲ. ಹಾಗೆ ಕೈಬಿಡಲ್ಪಟ್ಟವನು ಮುಂದೆ ‘ಬೈ’ ಎಂಬ ಮಾತು ಕೇಳಿದೊಡನೆ ಹಿಂದೆ ಸರಿಯುತ್ತಾನೆ. ಆದರೆ ಹಾಗೆ ನಡೆದುಹೋದವರಲ್ಲಿ ಗೇ ಗಂಡಸರೂ ಇದ್ದಾರೆ. ಅಲ್ಲಿ ಕೆಲಸ ಮಾಡಿದ್ದು ಒಲವಿನ ಬಗೆಗಿಂತ ಹೆಚ್ಚಾಗಿ ಮದುವೆಯ ಒತ್ತಡ.

ಹೀಗೆ ಎರಡೂ ಕಡೆಯ ಅನುಮಾನವನ್ನು ಹೊತ್ತವರ ಮನಸ್ಸಿನ ಮೇಲಾಗುವ ಪರಿಣಾಮ ಸಣ್ಣದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಖಿನ್ನತೆ ಮತ್ತು ಆತಂಕದ ಪ್ರಮಾಣ ಬೈಸೆಕ್ಷುಯಲ್‌ಗಳಲ್ಲಿ ಭಿನ್ನಲಿಂಗಿಗಳಿಗಿಂತ ಹೆಚ್ಚಿದೆ, ಗೇ ಮತ್ತು ಲೆಸ್ಬಿಯನ್‌ಗಳಿಗೆ ಹೋಲಿಸಿದರೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಕಂಡುಕೊಂಡಿತು.

ಈಗ ಮದುವೆಯ ಚೌಕಾಸಿಗೆ ಮರಳಬಹುದು. ಆ ಚೌಕಾಸಿಗೆ ನಮ್ಮ ಕಾನೂನಿನ ಬೆಂಬಲವೂ ಪರೋಕ್ಷವಾಗಿ ಇದೆ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು ಅದನ್ನು ಅಪರಾಧವೆನ್ನುತ್ತಿದ್ದ, ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್‌ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆದರೆ 2023ರ ಅಕ್ಟೋಬರ್ 17ರ ಸುಪ್ರಿಯೊ ಪ್ರಕರಣದ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಇದರಿಂದ ಬೈಸೆಕ್ಷುಯಲ್ ವ್ಯಕ್ತಿಗೆ ಒಂದು ವಿಚಿತ್ರ ಸ್ಥಿತಿ ಬರುತ್ತದೆ: ಅವರು ಪ್ರೀತಿಸಬಹುದಾದವರಲ್ಲಿ ಒಂದು ಲಿಂಗದವರೊಂದಿಗೆ ಕಲ್ಯಾಣಮಂಟಪ, ನೋಂದಣಿ, ಪಿಂಚಣಿ, ಆಸ್ತಿ ಹಕ್ಕು ಎಲ್ಲವೂ ಸಿಗುತ್ತದೆ, ಇನ್ನೊಂದು ಲಿಂಗದವರೊಂದಿಗೆ ಇವು ಯಾವುವೂ ಸಿಗುವುದಿಲ್ಲ. ‘ಸುಲಭದ ದಾರಿ ಇರುವಾಗ ಕಷ್ಟದ ದಾರಿ ಯಾಕೆ’ ಎಂಬ ಮನೆಯವರ ಮಾತಿಗೆ ಬಲ ಬರುವುದು ಇಲ್ಲಿಂದ. ಆ ದಾರಿ ಸುಲಭವಾಗಿರುವುದು ಮನಸ್ಸಿನ ಸ್ವಭಾವದಿಂದಲ್ಲ, ಕಾನೂನು ಮತ್ತು ಸಮಾಜ ಅದಕ್ಕೊಂದಕ್ಕೇ ಡಾಂಬರು ಹಾಕಿರುವುದರಿಂದ. ಯಾರನ್ನು ಮದುವೆಯಾಗಬೇಕು ಎಂಬುದು ವ್ಯಕ್ತಿಯ ತೀರ್ಮಾನ. ಹೆಣ್ಣೊಬ್ಬಳನ್ನು ಮನಸಾರೆ ಪ್ರೀತಿಸಿ ಮದುವೆಯಾಗುವ ಬೈಸೆಕ್ಷುಯಲ್ ಗಂಡಸು ಯಾರಿಗೂ ಸೋತಂತಾಗುವುದಿಲ್ಲ. ತೊಂದರೆ ಇರುವುದು ಮದುವೆಯನ್ನು ಔಷಧಿಯೆಂದು ಕುಡಿಸುವುದರಲ್ಲಿ. ಆ ಔಷಧಿಯ ಇನ್ನೊಂದು ತುದಿಯಲ್ಲಿ, ಏನೂ ಗೊತ್ತಿಲ್ಲದೆ ಹಸೆಮಣೆ ಏರುವ ಒಂದು ಹೆಣ್ಣು ಅಥವಾ ಗಂಡು ಇರುತ್ತಾರೆ ಎಂಬುದನ್ನು ಚೌಕಾಸಿ ಮಾಡುವವರು ನೆನೆಯುವುದಿಲ್ಲ.

ಹಾಗಾದರೆ ಈ ಗುರುತನ್ನು ಒಪ್ಪಿಕೊಳ್ಳುವುದೆಂದರೆ ಏನು? ಊರಿಗೆಲ್ಲ ಡಂಗುರ ಸಾರುವುದೇ ಒಪ್ಪಿಕೊಳ್ಳುವುದೆಂದು ತಿಳಿಯಬೇಕಿಲ್ಲ. ಸುರಕ್ಷಿತವಲ್ಲದ ಮನೆಯಲ್ಲಿ, ಸಂಬಳಕ್ಕೆ ಇನ್ನೊಬ್ಬರನ್ನು ಅವಲಂಬಿಸಿರುವ ಸ್ಥಿತಿಯಲ್ಲಿ ಹೇಳದಿರುವುದು ಹೇಡಿತನವಾಗುವುದಿಲ್ಲ. ಮೊದಲ ಹೆಜ್ಜೆ ಒಳಗಿನದು: ಸೆಳೆತವನ್ನು ಶೇಕಡಾವಾರು ಲೆಕ್ಕ ಹಾಕಿ ‘ನಾನು ಸಾಕಷ್ಟು ಬೈ ಆಗಿದ್ದೇನೆಯೇ’ ಎಂದು ತನ್ನನ್ನೇ ಪರೀಕ್ಷೆಗೆ ಕೂರಿಸುವುದನ್ನು ನಿಲ್ಲಿಸುವುದು. ಅನುಭವವಿಲ್ಲದೆ ಈ ಹೆಸರು ಹೇಳಿಕೊಳ್ಳಬಾರದು ಎಂಬ ಅಳುಕು ಬಹಳ ಜನರಿಗಿದೆ. ಯಾರನ್ನೂ ಮುಟ್ಟುವ ಮೊದಲೇ ತನಗೆ ಹುಡುಗಿಯರು ಇಷ್ಟ ಎಂದು ಹದಿನಾರರ ಹುಡುಗನಿಗೆ ಗೊತ್ತಿರುವುದಾದರೆ, ಇಲ್ಲಿ ಮಾತ್ರ ಬೇರೆ ನಿಯಮ ಏಕೆ ಎಂದು ಕೇಳಿಕೊಳ್ಳಬೇಕು. ಎರಡನೆಯದು, ತನ್ನಂತಹವರ ನಡುವೆ ಕೂರುವುದು. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಗುಂಪು 1994ರಲ್ಲೇ ಇಂಥ ಮಾತುಕತೆಗಳನ್ನು ಆರಂಭಿಸಿತು. 2008ರಿಂದ ನಗರದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ನಡಿಗೆ (ಪ್ರೈಡ್) ನಡೆಯುತ್ತಿದೆ. ಸೆಪ್ಟೆಂಬರ್ 23ನ್ನು ಬೈಸೆಕ್ಷುಯಲ್‌ಗಳ ದಿನವಾಗಿ 1999ರಿಂದ ಹಲವು ದೇಶಗಳಲ್ಲಿ ಆಚರಿಸಲಾಗುತ್ತಿದೆ. ಗುಲಾಬಿ, ನೇರಳೆ, ನೀಲಿ ಪಟ್ಟಿಗಳ ಬಾವುಟ ಕಂಡರೆ ಅದು ಇವರದು. 1998ರಲ್ಲಿ ಮೈಕೆಲ್ ಪೇಜ್ ಅದನ್ನು ವಿನ್ಯಾಸಗೊಳಿಸಿದರು.

ಸಂಗಾತಿಗೆ ಹೇಳುವುದು ಇವೆಲ್ಲಕ್ಕಿಂತ ಕಠಿಣ. ಮದುವೆಗೆ ಮುಂಚೆ ಹೇಳುವುದಾದರೆ, ನಿಶ್ಚಿತಾರ್ಥದ ಛತ್ರ ಗೊತ್ತುಮಾಡುವ ಮೊದಲೇ ಇಬ್ಬರೇ ಕುಳಿತು ಮಾತಾಡುವುದು ಒಳ್ಳೆಯದು. ಕರೆಯೋಲೆ ಅಚ್ಚಾದ ಮೇಲೆ ಎದುರಿನವರಿಗೆ ಯೋಚಿಸಲು ಸ್ವಾತಂತ್ರ್ಯ ಉಳಿದಿರುವುದಿಲ್ಲ. ಮದುವೆಯ ನಂತರ ಹೇಳುವವರು ಒಲವಿನ ಮಾತನ್ನೂ ನಿಷ್ಠೆಯ ಮಾತನ್ನೂ ಬೇರೆಬೇರೆಯಾಗಿ ಆಡಬೇಕಾಗುತ್ತದೆ. ‘ನಾನು ಹೀಗಿದ್ದೇನೆ’ ಎಂಬುದನ್ನು ಕೇಳಿದವರ ಕಿವಿಗೆ ಮೊದಲು ತಲುಪುವುದು ‘ನಿನ್ನನ್ನು ಬಿಡುತ್ತೇನೆ’ ಎಂಬ ಅರ್ಥ; ಅದು ಹಾಗಲ್ಲವಾದರೆ ಅದೇ ಉಸಿರಿನಲ್ಲಿ ಹೇಳಿಬಿಡಬೇಕು. ಅರಗಿಸಿಕೊಳ್ಳಲು ಅವರಿಗೆ ತಿಂಗಳುಗಳು ಬೇಕಾಗಬಹುದು.

ಆಪ್ತಸಲಹೆಗಾರರ ನೆರವು ಪಡೆಯುವವರು ಒಂದನ್ನು ಗಮನಿಸಬೇಕು. ‘ಒಂದು ಕಡೆಯ ಸೆಳೆತವನ್ನು ತೆಗೆದುಹಾಕಿ ಕೊಡುತ್ತೇನೆ’ ಎನ್ನುವ ವೈದ್ಯರ ಬಳಿ ಬೈಸೆಕ್ಷುಯಲ್‌ಗಳನ್ನು ಕರೆದೊಯ್ಯುವುದುಂಟು, ಏಕೆಂದರೆ ಅರ್ಧ ಕೆಲಸ ಆಗಲೇ ಆಗಿದೆ ಎಂದು ಮನೆಯವರು ಭಾವಿಸಿರುತ್ತಾರೆ. ಇಂಥ ಪರಿವರ್ತನಾ ಚಿಕಿತ್ಸೆಗೆ ವೈದ್ಯಕೀಯ ಆಧಾರವಿಲ್ಲ. ಮದ್ರಾಸ್ ಹೈಕೋರ್ಟ್‌ನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು 2021ರ ಜೂನ್ 7ರಂದು ನೀಡಿದ ಆದೇಶ ಅದನ್ನು ನಿಷೇಧಿಸುವಂತೆ ಸೂಚಿಸಿತು. ಅದೇ ಪ್ರಕರಣದ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿಪರ ದುರ್ನಡತೆಯೆಂದು ಘೋಷಿಸಿ ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಪತ್ರ ಬರೆಯಿತು. ಕರ್ನಾಟಕದಲ್ಲಿ ನೋಂದಾಯಿತ ವೈದ್ಯರೊಬ್ಬರು ಮಾತ್ರೆ, ಸಂಮೋಹನ ಅಥವಾ ಮದುವೆಯ ಸಲಹೆಯಿಂದ ಒಲವನ್ನು ಬದಲಿಸುತ್ತೇನೆಂದು ಹೊರಟರೆ, ಅವರ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ಚೀಟಿ, ರಸೀದಿ ಮತ್ತು ಭೇಟಿಯ ದಿನಾಂಕಗಳನ್ನು ಎತ್ತಿಟ್ಟುಕೊಂಡಿರುವುದು ಆಗ ಉಪಯೋಗಕ್ಕೆ ಬರುತ್ತದೆ.